‘ಕೇಳು’ ಎಂಬ ಮಾತಿನ ಎರಡು ಅರ್ಥ: ಹರೆಯದ ಅರಿವನ್ನು ಕುರಿತ ಬರವಣಿಗೆಯ ವಿಮರ್ಶೆ

1

ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಕಿವಿಗೊಡು ಎಂಬುದು ಒಂದು, ಪ್ರಶ್ನೆಮಾಡು ಎಂಬುದು ಇನ್ನೊಂದು. ಸಂಸ್ಕೃತದಲ್ಲಾಗಲಿ, ಈ ನಗರದಲ್ಲಿ ನಾವು ದಿನವೂ ಬಳಸುವ ಮರಾಠಿಯಲ್ಲಾಗಲಿ, ಇವೆರಡಕ್ಕೂ ಬೇರೆ ಬೇರೆ ಶಬ್ದಗಳಿವೆ. ತಮಿಳಿನಲ್ಲಿ ನಮ್ಮಲ್ಲಿರುವಂತೆಯೇ ಒಂದು ಶಬ್ದ ಎರಡು ಕೆಲಸವನ್ನೂ ಮಾಡುತ್ತದೆ. ಹರೆಯಕ್ಕೆ ಕಾಲಿಡುವ ಮಕ್ಕಳಿಗೆ ಕಾಮದ ವಿಷಯವಾದ ತಿಳಿವಳಿಕೆ ಎಲ್ಲಿಂದ ಮತ್ತು ಯಾವ ಮಾತಿನಲ್ಲಿ ಒದಗುತ್ತದೆ ಎಂಬುದನ್ನು ವಿಚಾರಿಸಹೊರಟಾಗ ಈ ಶಬ್ದದ ಇಬ್ಬಗೆ ನನಗೆ ಮೇಲಿಂದ ಮೇಲೆ ನೆನಪಾಯಿತು.

ಶಾಲೆ ಈ ಪಾಠವನ್ನು ಹೇಳುವುದಿಲ್ಲ ಎಂಬ ದೂರು ಹಳೆಯದು. ಆದರೆ ಶಾಲೆ ಹೇಳದ ಮಾತ್ರಕ್ಕೆ ಮಕ್ಕಳು ಕಲಿಯದೆ ಉಳಿಯುವುದಿಲ್ಲ. ಮನೆಯ ಹೆಂಗಸರ ಪಿಸುಮಾತಿನಿಂದ, ಹಿರಿಯ ಗೆಳೆಯರ ಕುಚೋದ್ಯದಿಂದ, ಗೋಡೆಯ ಮೇಲಿನ ಜಾಹೀರಾತಿನಿಂದ, ಪತ್ರಿಕೆಯ ಪ್ರಶ್ನೋತ್ತರದಿಂದ, ಇಂದು ಅಂಗೈಯೊಳಗಿನ ದೂರವಾಣಿಯಿಂದ ಅವರು ಕಲಿತೇ ಕಲಿಯುತ್ತಾರೆ. ಇವೆಲ್ಲವೂ ಒಂದು ಬಗೆಯ ಪಠ್ಯಗಳೇ. ಪ್ರತಿಯೊಂದಕ್ಕೂ ತನ್ನದೇ ಆದ ಭಾಷೆಯಿದೆ, ತಾನು ಸಂಬೋಧಿಸುವ ವಾಚಕನೊಬ್ಬನಿದ್ದಾನೆ, ತಾನು ಮುಚ್ಚಿಡುವ ಅಂಶವೊಂದಿದೆ. ನಾನು ವೈದ್ಯನಲ್ಲ, ಶಿಕ್ಷಣಶಾಸ್ತ್ರಜ್ಞನೂ ಅಲ್ಲ. ಹಗಲೆಲ್ಲ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಳೆದು, ಸಂಜೆಯ ವೇಳೆಯಲ್ಲಿ ಕನ್ನಡ ಗ್ರಂಥಗಳನ್ನು ಓದುವವನು. ಆದುದರಿಂದ ಈ ಪಠ್ಯಗಳನ್ನು ಸಾಹಿತ್ಯದ ವಿದ್ಯಾರ್ಥಿ ಪರೀಕ್ಷಿಸುವ ರೀತಿಯಲ್ಲಿಯೇ ಪರೀಕ್ಷಿಸಿ, ಅವುಗಳಲ್ಲಿ ಯಾವುದು ಮಗುವಿಗೆ ‘ಕೇಳು’ ಎಂಬುದನ್ನು ಎರಡೂ ಅರ್ಥದಲ್ಲಿ ಹೇಳುತ್ತದೆ ಎಂಬುದನ್ನು ಮಾತ್ರ ನೋಡಬೇಕೆಂದಿದ್ದೇನೆ.

2

ಮೊದಲು ಶಾಲೆಯ ವಿಷಯ. 2005ರಲ್ಲಿ ಕೇಂದ್ರ ಸರಕಾರದ ಶಿಕ್ಷಣ ಇಲಾಖೆಯೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಕೂಡಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವೊಂದನ್ನು ಆರಂಭಿಸಿದುವು. ಶಿಕ್ಷಕರಿಗಾಗಿ ಸಿದ್ಧಪಡಿಸಿದ ಪುಸ್ತಕಗಳಲ್ಲಿನ ಚಿತ್ರಗಳನ್ನೂ ವಿವರಣೆಗಳನ್ನೂ ಕುರಿತು ದೊಡ್ಡ ಕೋಲಾಹಲವೆದ್ದು, 2007ರಲ್ಲಿ ಹಲವು ರಾಜ್ಯಗಳು ಆ ಕಾರ್ಯಕ್ರಮವನ್ನು ನಿಲ್ಲಿಸಿದುವು. ನಮ್ಮ ಹುಟ್ಟೂರಿನ ಕರ್ನಾಟಕವೂ ನಮಗೆ ಆಶ್ರಯವಿತ್ತ ಮಹಾರಾಷ್ಟ್ರವೂ ಆ ಪಟ್ಟಿಯಲ್ಲಿದ್ದುವು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ, ಇಂತಹ ಶಿಕ್ಷಣ ಶಾಲೆಗಳಲ್ಲಿ ಕೂಡದೆಂದೂ ಸಂಬಂಧಪಟ್ಟ ಭಾಗಗಳನ್ನು ಹನ್ನೊಂದು ಹನ್ನೆರಡನೆಯ ತರಗತಿಯ ಜೀವಶಾಸ್ತ್ರಕ್ಕೆ ಸರಿಸಬೇಕೆಂದೂ ಅಭಿಪ್ರಾಯಪಟ್ಟಿತು. ಇದಕ್ಕೆ ವಿರುದ್ಧವಾಗಿ, ದೆಹಲಿಯ ಭೀಕರ ಅತ್ಯಾಚಾರದ ಪ್ರಕರಣದ ತರುವಾಯ ನೇಮಕವಾದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿ 2013ರಲ್ಲಿ ಲೈಂಗಿಕ ಶಿಕ್ಷಣ ಅವಶ್ಯವೆಂದಿತು. 2024ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಂದು ತೀರ್ಪಿನಲ್ಲಿ ಅದೇ ಮಾತನ್ನು ಹೇಳಿತು. ಹೀಗೆ ಎರಡು ದಶಕಗಳ ಕಾಲ ಹಿರಿಯರು ಹಿರಿಯರೊಡನೆ ವಾದಿಸಿದರು. ಆ ಎರಡು ದಶಕಗಳಲ್ಲಿ ಹತ್ತು ವರ್ಷದ ಹುಡುಗ ಮೂವತ್ತರವನಾದನು.

ಶಾಲೆ ಏನನ್ನೂ ಹೇಳುವುದಿಲ್ಲವೆಂದರೂ ಪೂರ್ತಿ ಸರಿಯಲ್ಲ. ವಿಜ್ಞಾನದ ಪಠ್ಯದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಅಲ್ಲಿ ಅಮೀಬ ಇಬ್ಭಾಗವಾಗುತ್ತದೆ. ಹೂವಿನಲ್ಲಿ ಪರಾಗಸ್ಪರ್ಶ ನಡೆಯುತ್ತದೆ. ಆಮೇಲೆ ವೀರ್ಯಾಣು, ಅಂಡಾಣು, ಯುಗ್ಮಜ ಎಂಬ ಸಂಸ್ಕೃತ ಪದಗಳ ಸಾಲು ಬರುತ್ತದೆ. ಈ ಪದಗಳು ತಪ್ಪಲ್ಲ. ಶಾಸ್ತ್ರಕ್ಕೆ ಪರಿಭಾಷೆ ಬೇಕೇ ಬೇಕು. ಆದರೆ ಈ ವಾಕ್ಯಗಳಿಗೆ ಕರ್ತೃವಿಲ್ಲ. ‘ನಿನ್ನ ಮೈಯಲ್ಲಿ’ ಎಂದು ಆ ಗದ್ಯ ಎಂದೂ ಹೇಳುವುದಿಲ್ಲ. ಎಲ್ಲವೂ ಎಲ್ಲಿಯೋ ಒಂದು ಜೀವಿಯಲ್ಲಿ ನಡೆಯುವ ವ್ಯಾಪಾರ. ಇಷ್ಟನ್ನು ಕೂಡ ಗಟ್ಟಿಯಾಗಿ ಓದಲು ಅಳುಕಿ, ಮನೆಯಲ್ಲಿ ಓದಿಕೊಳ್ಳಿರೆಂದು ಪುಟ ಮಗುಚುವ ಉಪಾಧ್ಯಾಯರು ಬಹಳ ಮಂದಿ. ಅವರನ್ನು ಹಳಿಯುವುದು ಸುಲಭ. ಆದರೆ ತರಗತಿಯಲ್ಲಿ ಉಚ್ಚರಿಸಬಹುದಾದ ಮಾತನ್ನು ಭಾಷೆ ಅವರ ಕೈಗೆ ಕೊಟ್ಟಿದೆಯೇ ಎಂಬುದನ್ನು ನಾವು ಮೊದಲು ಕೇಳಿಕೊಳ್ಳಬೇಕು. ಒಂದು ಕಡೆ ಪರಿಭಾಷೆ, ಇನ್ನೊಂದು ಕಡೆ ಬೀದಿಯ ಬೈಗುಳ. ನಡುವೆ ಸಭ್ಯನೊಬ್ಬ ಮಗುವಿನ ಮುಖ ನೋಡಿ ಆಡಬಹುದಾದ ಮಾತು ಬಹಳ ವಿರಳ.

3

ಇನ್ನು ಮನೆ. ಹುಡುಗಿ ಮೈನೆರೆದಾಗ ನಮ್ಮ ಅನೇಕ ಮನೆತನಗಳಲ್ಲಿ ಆರತಿ ಎತ್ತುವುದು, ಎಳ್ಳು ಬೆಲ್ಲದ ಚಿಗಳಿ ಮತ್ತು ಕೊಬ್ಬರಿಯನ್ನು ತಿನ್ನಿಸುವುದು, ಬಂಧುಗಳನ್ನು ಕರೆದು ಒಸಗೆ ಮಾಡುವುದು ರೂಢಿಯಲ್ಲಿತ್ತು. ಕೆಲವೆಡೆ ಇಂದಿಗೂ ಇದೆ. ಇದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕಲಾಗದು. ಮೈಯ ಬದಲಾವಣೆಯನ್ನು ಶುಭವೆಂದು ಗಣಿಸಿದ ಮನಸ್ಸು ಅದರ ಹಿಂದೆ ಇದೆ. ಆದರೆ ಈ ಆಚರಣೆಯನ್ನು ಒಂದು ಪಠ್ಯವೆಂದು ಓದಿದರೆ ಅದರ ವಿಪರ್ಯಾಸ ಕಾಣುತ್ತದೆ: ಸುದ್ದಿ ಬೀದಿಗೆಲ್ಲ ತಿಳಿಯುತ್ತದೆ, ಅದರ ಅರ್ಥ ಹುಡುಗಿಗೆ ಮಾತ್ರ ತಿಳಿಯುವುದಿಲ್ಲ. ಏನು ತಿನ್ನಬೇಕು, ಎಲ್ಲಿ ಕೂರಬೇಕು, ಯಾರನ್ನು ಮುಟ್ಟಬಾರದು ಎಂಬುದನ್ನು ಅವಳು ಕೇಳಿಸಿಕೊಳ್ಳುತ್ತಾಳೆ. ಏಕೆ ಎಂದು ಕೇಳುವ ಅವಕಾಶ ಆ ವಿಧಿಯಲ್ಲಿ ಎಲ್ಲಿಯೂ ಇಲ್ಲ. ಭಾರತದಲ್ಲಿ ನಡೆದ 138 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಸಮೀಕ್ಷೆಯ ಪ್ರಕಾರ, ಮೊದಲ ಮುಟ್ಟಿಗೆ ಮುಂಚೆಯೇ ಅದರ ವಿಷಯ ತಿಳಿದಿದ್ದ ಹುಡುಗಿಯರು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಉಳಿದ ಅರ್ಧದಷ್ಟು ಮಂದಿಗೆ ರಕ್ತವೇ ಮೊದಲ ಪಾಠ.

ಇಲ್ಲಿಯ ಶಬ್ದಗಳನ್ನೂ ಗಮನಿಸಬೇಕು. ‘ಮುಟ್ಟು’ ಎಂಬ ಪದದಲ್ಲಿ ಮುಟ್ಟಬಾರದೆಂಬ ನಿಷೇಧವೇ ಅಡಗಿದೆ. ‘ಹೊರಗಾಗು’, ‘ಕಡೆಗಿರು’ ಎಂಬವು ಹೆಂಗಸು ಕುಳಿತುಕೊಳ್ಳುವ ಜಾಗವನ್ನು ಸೂಚಿಸುತ್ತವೆಯೇ ಹೊರತು ಅವಳ ಮೈಯಲ್ಲಿ ನಡೆದುದನ್ನಲ್ಲ. ‘ದೊಡ್ಡವಳಾದಳು’ ಎಂಬುದು ಅವಳನ್ನು ನೋಡುವವರ ಮಾತು. ಇವುಗಳ ನಡುವೆ ‘ಮೈನೆರೆ’ ಎಂಬ ಒಂದು ಶಬ್ದ ಮಾತ್ರ ಬೇರೆಯಾಗಿ ನಿಲ್ಲುತ್ತದೆ. ಮೈ ತುಂಬಿಬಂದಿತು, ಪೂರ್ಣವಾಯಿತು ಎಂದಷ್ಟೇ ಅದರ ಅರ್ಥ. ಅದರಲ್ಲಿ ನಾಚಿಕೆಯೂ ಇಲ್ಲ, ಮೈಲಿಗೆಯೂ ಇಲ್ಲ.

ಹುಡುಗರ ವಿಷಯದಲ್ಲಿಯಾದರೋ ವಿಧಿಯೂ ಇಲ್ಲ, ಶಬ್ದವೂ ಇಲ್ಲ. ಮೀಸೆ ಮೂಡಿತು, ದನಿ ಒಡೆಯಿತು ಎಂಬ ಎರಡು ಮಾತು ಮುಗಿದರೆ ಮನೆಯ ಶಬ್ದಕೋಶ ಮುಗಿಯಿತು. ನಿದ್ದೆಯಲ್ಲಿ ಸ್ರಾವವಾಗಿ ಗಾಬರಿಯಿಂದ ಎದ್ದ ಹದಿನಾಲ್ಕರ ಹುಡುಗ ತನ್ನ ತಂದೆಯೊಡನೆ ಅದನ್ನು ಯಾವ ಕನ್ನಡದಲ್ಲಿ ಹೇಳಿಯಾನು? ‘ಸ್ವಪ್ನಸ್ಖಲನ’ ಎಂಬ ಪದ ನಿಘಂಟಿನಲ್ಲಿದೆ. ನಿಘಂಟನ್ನು ತೆಗೆದು ನೋಡಲು ಆ ಪದವೇ ಮೊದಲು ಗೊತ್ತಿರಬೇಕಷ್ಟೆ.

4

ನಮ್ಮ ಪ್ರಾಚೀನರಿಗೆ ಈ ಸಂಕೋಚವಿರಲಿಲ್ಲ, ಇದೆಲ್ಲ ಪರಕೀಯರ ಆಳ್ವಿಕೆಯಲ್ಲಿ ಬಂದ ರೋಗ ಎಂಬ ವಾದವೊಂದುಂಟು. ಇದರಲ್ಲಿ ಸ್ವಲ್ಪ ಸತ್ಯವಿದೆ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನು ‘ಮದನತಿಲಕ’ವನ್ನು ರಚಿಸಿದನು, ಕನ್ನಡದಲ್ಲಿ ನಮಗೆ ದೊರೆತಿರುವ ಕಾಮಶಾಸ್ತ್ರ ಗ್ರಂಥಗಳಲ್ಲಿ ಅದು ಮೊದಲನೆಯದು. ‘ಯಶೋಧರ ಚರಿತೆ’ಯ ಕವಿಯಾದ ಜನ್ನನು ‘ಅನುಭವ ಮುಕುರ’ವನ್ನು ಬರೆದನು. ಹದಿನೈದನೆಯ ಶತಮಾನದ ಕಲ್ಲರಸನ ‘ಜನವಶ್ಯ’ವೂ ಇದೇ ಪರಂಪರೆಗೆ ಸೇರಿದುದು. ಜೈನ ಕವಿಯೊಬ್ಬ ಕಾಮಶಾಸ್ತ್ರವನ್ನು ಬರೆದುದು ಆ ಕಾಲಕ್ಕೆ ವಿಚಿತ್ರವಾಗಿ ಕಾಣಲಿಲ್ಲವೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿಯೇ ಸರಿ.

ಆದರೆ ಈ ಗ್ರಂಥಗಳು ಯಾರನ್ನು ಉದ್ದೇಶಿಸಿವೆ ಎಂಬುದನ್ನು ಮರೆಯಲಾಗದು. ಅವುಗಳ ವಾಚಕ ಪ್ರಾಪ್ತವಯಸ್ಕನಾದ, ವಿದ್ಯಾವಂತನಾದ, ವಿರಾಮವುಳ್ಳ ಪುರುಷ. ಅವನಿಗೆ ಮೈಯ ಪರಿಚಯ ಆಗಲೇ ಇದೆ. ಬೇಕಾದುದು ಭೋಗದಲ್ಲಿ ಚಾತುರ್ಯ. ಹೆಣ್ಣನ್ನು ಜಾತಿಗಳಾಗಿ ವಿಂಗಡಿಸುವ, ವಶೀಕರಣದ ಉಪಾಯಗಳನ್ನು ಹೇಳುವ ಆ ಶಾಸ್ತ್ರದ ಮುಂದೆ ಗಾಬರಿಗೊಂಡ ಹದಿಮೂರರ ಹುಡುಗಿಯನ್ನು ನಿಲ್ಲಿಸಿದರೆ ಅವಳಿಗೆ ಅಲ್ಲಿ ಉತ್ತರ ದೊರೆಯಲಾರದು. ಅವಳ ಪ್ರಶ್ನೆಯನ್ನು ಆ ಶಾಸ್ತ್ರಕಾರರು ಯಾರೂ ಕೇಳಿಕೊಂಡಿರಲಿಲ್ಲ. ಆದುದರಿಂದ ಹಿಂದಿನವರು ಧಾರಾಳಿಗಳಾಗಿದ್ದರು ಎಂದು ಸಮಾಧಾನ ತಾಳಿ ಕುಳಿತರೆ ಇಂದಿನ ಮಗುವಿಗೆ ಪ್ರಯೋಜನವಿಲ್ಲ. ಬಲ್ಲವನ ಕುತೂಹಲವನ್ನು ತಣಿಸುವ ಮಾತೇ ಬೇರೆ, ಅರಿಯದವನ ಅಂಜಿಕೆಯನ್ನು ಕಳೆಯುವ ಮಾತೇ ಬೇರೆ.

5

ಆ ಅಂಜಿಕೆಯನ್ನು ಚೆನ್ನಾಗಿ ಬಲ್ಲವನು ಗೋಡೆಯ ಮೇಲಿನ ವೈದ್ಯ. ಇಪ್ಪತ್ತನೆಯ ಶತಮಾನದ ಬಹುಭಾಗ ದಕ್ಷಿಣ ಕನ್ನಡದ ಹಳ್ಳಿಗಳಿಂದ ಹನ್ನೆರಡು ಹದಿಮೂರು ವರ್ಷದ ಹುಡುಗರು ಮುಂಬಯಿಗೆ ಬಂದು, ಉಡುಪಿ ಹೊಟೇಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ, ಅಂಗಡಿ ಮುಚ್ಚಿದ ಮೇಲೆ ಮೇಜುಗಳನ್ನೇ ಜೋಡಿಸಿ ಮಲಗುತ್ತಿದ್ದರು. ರಾತ್ರಿಶಾಲೆಗಳು ಅವರಿಗೆ ಅಕ್ಷರವನ್ನಿತ್ತುವು. ಅವುಗಳ ಉಪಕಾರ ದೊಡ್ಡದು. ಆದರೆ ತಾಯಿತಂದೆಗಳು ಸಮೀಪದಲ್ಲಿಲ್ಲದ, ತನ್ನಂತಹವರೇ ಹತ್ತಾರು ಮಂದಿಯ ನಡುವೆ ಹರೆಯಕ್ಕೆ ಬಂದ ಆ ಹುಡುಗನಿಗೆ ಮೈಯ ಪಾಠ ಹೇಳಿದವರು ಯಾರು? ಎರಡು ವರ್ಷ ಮೊದಲು ಊರು ಬಿಟ್ಟು ಬಂದ ಇನ್ನೊಬ್ಬ ಹುಡುಗ. ಮತ್ತು ಬೀದಿಯ ಗೋಡೆಯಲ್ಲಿ, ಲೋಕಲ್ ಗಾಡಿಯ ಡಬ್ಬಿಯಲ್ಲಿ ಅಂಟಿಸಿದ ‘ಗುಪ್ತರೋಗ’ದ ಕಾಗದ. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರವನ್ನು ಅವನು ಮೊದಲು ಪ್ರಯೋಗಿಸಿ ನೋಡಿದ ಪಠ್ಯಗಳಲ್ಲಿ ಇದೂ ಒಂದಾಗಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಈ ಜಾಹೀರಾತಿನ ರಚನೆಯನ್ನು ನೋಡಿರಿ. ಮೊದಲು ಲಕ್ಷಣಗಳ ಪಟ್ಟಿ: ಆಯಾಸ, ನೆನಪಿನ ಕೊರತೆ, ಕಣ್ಣ ಕೆಳಗೆ ಕಪ್ಪು. ಓದುವ ಹುಡುಗ ಪ್ರತಿಯೊಂದೂ ತನಗೆ ಇದೆಯೆಂದುಕೊಳ್ಳುತ್ತಾನೆ, ಏಕೆಂದರೆ ಹದಿನಾಲ್ಕು ಗಂಟೆ ದುಡಿಯುವ ಯಾರಿಗಾದರೂ ಇವು ಇರುತ್ತವೆ. ಆಮೇಲೆ ಕಾರಣ: ಬಾಲ್ಯದ ತಪ್ಪು, ಧಾತುನಷ್ಟ. ಕೊನೆಗೆ ವಿಳಾಸ ಮತ್ತು ದರ. ಇಲ್ಲಿ ಪ್ರಶ್ನೆ ಕೇಳುವ ಶ್ರಮವನ್ನು ಕೂಡ ವೈದ್ಯನೇ ವಹಿಸಿಕೊಳ್ಳುತ್ತಾನೆ. ಮಗುವಿನಲ್ಲಿ ಇಲ್ಲದ ಭಯವನ್ನು ಹುಟ್ಟಿಸಿ, ಅದಕ್ಕೆ ಮದ್ದು ಮಾರುವುದು ಈ ಸಾಹಿತ್ಯದ ಶೈಲಿ.

ಧಾತುವಿನ ಒಂದು ಹನಿ ರಕ್ತದ ಎಷ್ಟೋ ಹನಿಗಳಿಗೆ ಸಮವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಇದು ಮೈಯನ್ನು ಒಂದು ಠೇವಣಿಯ ಖಾತೆಯೆಂದು ಭಾವಿಸುವುದು: ಜನ್ಮದಲ್ಲಿ ಒಮ್ಮೆ ಜಮೆ, ಆಮೇಲೆ ಬರಿಯ ಖರ್ಚು. ವಾಸ್ತವದಲ್ಲಿ ಶರೀರ ಇದನ್ನು ನಿರಂತರವಾಗಿ ಉತ್ಪಾದಿಸುತ್ತಲೇ ಇರುತ್ತದೆ. ಹೊರಹೋದುದರಿಂದ ಬಲವಾಗಲಿ ಬುದ್ಧಿಯಾಗಲಿ ಕುಂದುವುದಿಲ್ಲ. ಈ ಒಂದು ವಾಕ್ಯವನ್ನು ಸಕಾಲದಲ್ಲಿ ಕೇಳಿದ್ದರೆ ನಿಶ್ಚಿಂತರಾಗಿರಬಹುದಾಗಿದ್ದ ತರುಣರು ಅಸಂಖ್ಯ. ಈ ಭಯದಿಂದ ನಿಜವಾಗಿಯೇ ಕಾಯಿಲೆ ಬೀಳುವವರನ್ನು ಕಂಡು ಮನೋವೈದ್ಯರಾದ ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದೇ ಹೆಸರಿಟ್ಟರು. ಇಂತಹ ಔಷಧಗಳ ಜಾಹೀರಾತನ್ನು ನಿಷೇಧಿಸುವ ಕಾನೂನು 1954ರಲ್ಲಿಯೇ ಬಂದಿತು. ಕಾನೂನು ಪುಸ್ತಕದಲ್ಲಿಯೇ ಉಳಿದಿದೆ; ಗೋಡೆ ಬರಿದಾಗಲಿಲ್ಲ. ಗೋಡೆಯ ಮಾತಿಗೆ ಎದುರಾಗಿ ಬೇರೊಂದು ಮಾತನ್ನು ನಿಲ್ಲಿಸದೆ ನಿಷೇಧವೊಂದರಿಂದಲೇ ಅದನ್ನು ಅಳಿಸಲಾಗದು.

6

ಆ ಬೇರೊಂದು ಮಾತನ್ನು ಇದೇ ಮುಂಬಯಿಯಲ್ಲಿ ಆಡಿದವರು ರಘುನಾಥ ಧೋಂಡೋ ಕರ್ವೆಯವರು. ಮಹರ್ಷಿ ಕರ್ವೆಯವರ ಮಗ. ವಿಲ್ಸನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕ. 1921ರಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯವನ್ನು ತೆರೆದರು; ಈ ಕಾರ್ಯಕ್ಕಾಗಿ ಪ್ರಾಧ್ಯಾಪಕ ಹುದ್ದೆಯನ್ನು ಕಳೆದುಕೊಂಡರು. 1927ರ ಜುಲೈಯಿಂದ ತಾವು ತೀರಿಕೊಂಡ 1953ರ ವರೆಗೆ ‘ಸಮಾಜಸ್ವಾಸ್ಥ್ಯ’ವೆಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿದರು. 1934ರಲ್ಲಿ ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ಹೂಡಲಾಯಿತು. ಇಲ್ಲಿ ನಮಗೆ ಮುಖ್ಯವಾದುದು ಆ ಮೊಕದ್ದಮೆಯ ವಿಷಯ: ಕತೆಯಲ್ಲ, ಚಿತ್ರವಲ್ಲ, ವಾಚಕರ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳು. ಅವರ ಪರವಾಗಿ ವಕೀಲರಾಗಿ ನಿಂತವರು ಡಾ. ಬಿ. ಆರ್. ಅಂಬೇಡ್ಕರ್ ಅವರು. ಮೊಕದ್ದಮೆ ಸೋತಿತು; ಕರ್ವೆಯವರು 200 ರೂಪಾಯಿ ದಂಡ ತೆತ್ತು, ಪತ್ರಿಕೆಯನ್ನು ಮುಂದುವರಿಸಿದರು. ಗಣಿತಜ್ಞರ ಗದ್ಯ ಅವರದು. ಯಾವ ಪ್ರಶ್ನೆಯೂ ಅವರಿಗೆ ಹೇಸಿಗೆಯದಲ್ಲ. ಅದಕ್ಕೆ ಉತ್ತರ ಸರಿಯೋ ತಪ್ಪೋ ಎಂಬುದೊಂದೇ ವಿಚಾರ. ಕೇಳುವವನನ್ನು ಅಪರಾಧಿಯೆಂದು ನೋಡದಿರುವುದೇ ಈ ಗದ್ಯದ ದೊಡ್ಡ ಗುಣ.

ಕನ್ನಡನಾಡೂ ಆಗ ಹಿಂದೆ ಬಿದ್ದಿರಲಿಲ್ಲ. ಸರಕಾರದ ವತಿಯಿಂದಲೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಮೈಸೂರು ಸಂಸ್ಥಾನ 1930ರಲ್ಲಿ ಆಜ್ಞೆ ಹೊರಡಿಸಿತು. 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದ ಧನ್ವಂತಿ ರಾಮರಾವ್ ಅವರು ಕಾಶ್ಮೀರಿ ಮನೆತನದವರಾದರೂ ಹುಟ್ಟಿದುದು ಹುಬ್ಬಳ್ಳಿಯಲ್ಲಿ. ಅವರ ಪತಿ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದ ಬೆನಗಲ್ ರಾಮರಾಯರು. ಅದೇ ಸಂಘದೊಡನೆ ದುಡಿದ ಡಾ. ಮಹಿಂದರ್ ವತ್ಸ ಅವರು, 2005ರಲ್ಲಿ ತಮ್ಮ ಎಂಬತ್ತರ ವಯಸ್ಸು ದಾಟಿದ ಮೇಲೆ, ಮುಂಬಯಿಯ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ವಾಚಕರ ಪ್ರಶ್ನೆಗಳಿಗೆ ಉತ್ತರಿಸಲಾರಂಭಿಸಿ, 2020ರ ಡಿಸೆಂಬರಿನಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕರ್ವೆಯವರ ಉತ್ತರದಲ್ಲಿ ಹಠವಿದ್ದರೆ ವತ್ಸರ ಉತ್ತರದಲ್ಲಿ ವಿನೋದವಿದೆ. ಎರಡು ಮೂರು ಸಾಲಿನಲ್ಲಿ ಅಜ್ಜನೊಬ್ಬ ಮೊಮ್ಮಗನ ಬೆನ್ನು ತಟ್ಟಿ, ‘ಇಷ್ಟಕ್ಕೆ ಹೆದರಿದೆಯಾ?’ ಎಂದಂತೆ ಅವರು ಬರೆಯುತ್ತಿದ್ದರು. ಕರ್ವೆಯವರಿಗೆ ದಂಡ ವಿಧಿಸಿದ ನಗರವೇ ಎಪ್ಪತ್ತು ವರ್ಷಗಳ ತರುವಾಯ ಅದೇ ಬಗೆಯ ಪ್ರಶ್ನೋತ್ತರವನ್ನು ಬೆಳಗಿನ ಚಹದೊಡನೆ ನಕ್ಕು ಓದಿತು. ಇದು ಸಣ್ಣ ಬದಲಾವಣೆಯಲ್ಲ.

ಹಾಗಿದ್ದರೂ ಪ್ರಶ್ನೋತ್ತರವೆಂಬ ಈ ಸಾಹಿತ್ಯಪ್ರಕಾರದ ಮಿತಿಯನ್ನು ಹೇಳಲೇಬೇಕು. ಕನ್ನಡದ ವಾರಪತ್ರಿಕೆಗಳಲ್ಲಿ ವೈದ್ಯರು ನಡೆಸಿಕೊಂಡು ಬಂದ ಅಂಕಣಗಳಿಗೂ ಇದು ಅನ್ವಯಿಸುತ್ತದೆ. ಇಲ್ಲಿ ಮಗು ಕೊನೆಗೂ ‘ಕೇಳುವ’ ಕರ್ತೃವಾಗುತ್ತದೆ. ಅದು ಈ ಪ್ರಕಾರದ ಹಿರಿಮೆ. ಆದರೆ ಅದು ಕೇಳುವುದು ಭಯ ಹುಟ್ಟಿದ ಮೇಲೆ. ಹೆಸರು ಮರೆಸಿ, ಊರು ಮರೆಸಿ, ವಾರಗಟ್ಟಲೆ ಕಾದು ಪಡೆಯುವ ಆ ಉತ್ತರ, ಆಗಲೇ ಆದ ಗಾಯಕ್ಕೆ ಪಟ್ಟಿ. ಅಲ್ಲದೆ ಪತ್ರ ಬರೆಯಲು ಬೇಕಾದ ಶಬ್ದಗಳಿದ್ದವರಷ್ಟೇ ಬರೆದಾರು. ಶಬ್ದವೇ ಇಲ್ಲದವರ ಪ್ರಶ್ನೆ ಯಾವ ಅಂಕಣವನ್ನೂ ತಲುಪುವುದಿಲ್ಲ.

7

ಭಯಕ್ಕಿಂತ ಮೊದಲೇ ತಲುಪುವ ಮಾತನ್ನು ಕನ್ನಡದಲ್ಲಿ ಯತ್ನಿಸಿದವರಲ್ಲಿ ಡಾ. ಅನುಪಮಾ ನಿರಂಜನ ಅವರ ಹೆಸರು ಮೊದಲು ಬರಬೇಕು. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿ 1991ರಲ್ಲಿ ತೀರಿಕೊಂಡ ಈ ವೈದ್ಯೆ ಕಾದಂಬರಿಕಾರ್ತಿಯೂ ಹೌದು. ಅವರ ಆರೋಗ್ಯಗ್ರಂಥಗಳ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಸಾಕು, ನಮ್ಮ ಸಮಾಜ ಈ ತಿಳಿವಳಿಕೆಯನ್ನು ಯಾರಿಗೆ, ಯಾವ ಹಂತದಲ್ಲಿ ಅನುಮತಿಸಿತು ಎಂಬುದು ಗೊತ್ತಾಗುತ್ತದೆ: ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’. ತಾಯಿಗೆ ತಿಳಿಯಬಹುದು, ದಂಪತಿಗಳಿಗೆ ದೀಪ ಹಿಡಿಯಬಹುದು, ಮದುವೆಯಾಗುವವಳಿಗಾದರೆ ಕಿವಿಯಲ್ಲಿ ಹೇಳಬಹುದು. ಮದುವೆಯ ರಹದಾರಿಯಿಲ್ಲದ ಹುಡುಗಿಯನ್ನು ನೇರವಾಗಿ ಹೆಸರಿಟ್ಟು ಕರೆಯುವುದು ಕೊನೆಯ ಶೀರ್ಷಿಕೆ ಮಾತ್ರ. ಆ ಕರೆಯಲ್ಲಿಯೇ ನಾನು ಆರಂಭದಲ್ಲಿ ಹೇಳಿದ ಕ್ರಿಯಾಪದವಿದೆ. ನಾನು ಹೇಳುತ್ತೇನೆ, ಕಿವಿಗೊಡು ಎಂದೂ ಅದನ್ನು ಓದಬಹುದು. ಹೆದರಬೇಡ, ಪ್ರಶ್ನೆಮಾಡು ಎಂದೂ ಓದಬಹುದು. ಒಬ್ಬ ಹೆಂಗಸು, ಅದರಲ್ಲಿಯೂ ವೈದ್ಯೆ, ಅಕ್ಕನ ಸಲುಗೆಯಿಂದ ಬರೆದ ಈ ಬಗೆಯ ಗ್ರಂಥಗಳನ್ನು ನಮ್ಮ ಸಾಹಿತ್ಯ ಚರಿತ್ರಕಾರರು ‘ಇತರ ಕೃತಿಗಳು’ ಎಂಬ ಪಟ್ಟಿಯಲ್ಲಿ ಸೇರಿಸಿ ಮುಂದೆ ಸಾಗುತ್ತಾರೆ. ಅವರ ಕಾದಂಬರಿಗಳಿಗೆ ಸಲ್ಲುವಷ್ಟೇ ಗಂಭೀರವಾದ ವಿಮರ್ಶೆ ಈ ಗದ್ಯಕ್ಕೂ ಸಲ್ಲಬೇಕು. ಕಿಶೋರನನ್ನು ಅದೇ ಸಲುಗೆಯಿಂದ ಕರೆಯುವ ಪುಸ್ತಕ ಕಿಶೋರಿಯ ಪುಸ್ತಕದಷ್ಟು ಮನೆಮಾತಾಗಲಿಲ್ಲವೆಂಬ ಕೊರತೆಯನ್ನೂ ಇಲ್ಲಿಯೇ ಗುರುತಿಸಬೇಕು.

ಸೃಜನಸಾಹಿತ್ಯ ಮಾಹಿತಿಯನ್ನು ಕೊಡುವುದಿಲ್ಲ. ಅದು ಅಜ್ಞಾನದ ಸ್ವರೂಪವನ್ನು ತೋರಿಸುತ್ತದೆ. ಈ ದೃಷ್ಟಿಯಿಂದ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಮತ್ತೊಮ್ಮೆ ಓದಬೇಕು. 1963ರ ‘ಪ್ರಶ್ನೆ’ ಸಂಕಲನದಲ್ಲಿ ಸೇರಿದ ಈ ಕತೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಲನಚಿತ್ರವಾಗಿಸಿದರು. ವಿಧವೆಯಾದ ಯಮುನಕ್ಕ ಗರ್ಭಿಣಿಯಾಗುವುದು, ಗರ್ಭವನ್ನು ತೆಗೆಸಿಕೊಳ್ಳುವುದು, ಬದುಕಿರುವಾಗಲೇ ಅವಳಿಗೆ ಶ್ರಾದ್ಧ ಮಾಡಿ ಬಹಿಷ್ಕರಿಸುವುದು, ಇಷ್ಟೂ ಒಬ್ಬ ಪುಟ್ಟ ಹುಡುಗನ ಕಣ್ಣಿಗೆ ಬಿದ್ದಂತೆ ನಿರೂಪಿತವಾಗಿದೆ. ವಿಮರ್ಶಕರು ಇದನ್ನು ಸಂಪ್ರದಾಯದ ಕ್ರೌರ್ಯದ ಕತೆಯೆಂದು ಓದಿದ್ದಾರೆ, ಅದು ಯುಕ್ತವೇ. ಆದರೆ ಇದು ಒಂದು ಶಾಲೆಯ ಕತೆಯೂ ಹೌದು. ಹುಡುಗ ಇರುವುದು ವೇದಪಾಠಕ್ಕಾಗಿ ಬಂದ ಮನೆಯಲ್ಲಿ. ಅಲ್ಲಿ ವಿದ್ಯೆಯೆಂದರೆ ಕೇಳಿಸಿಕೊಂಡು ಒಪ್ಪಿಸುವುದು. ಶ್ರುತಿಯೆಂಬ ಹೆಸರೇ ಅದನ್ನು ಹೇಳುತ್ತದೆ. ಹಿರಿಯರು ಧರ್ಮದ ಮಾತಾಡುತ್ತಾರೆ, ದೊಡ್ಡ ಹುಡುಗರು ಪೋಲಿ ಮಾತಾಡುತ್ತಾರೆ. ಎರಡರ ನಡುವೆ, ತನ್ನನ್ನು ಅಕ್ಕರೆಯಿಂದ ಕಂಡ ಯಮುನಕ್ಕನಿಗೆ ಏನಾಗುತ್ತಿದೆಯೆಂದು ಕೇಳಲು ಆ ಹುಡುಗನಲ್ಲಿ ಒಂದು ಶಬ್ದವೂ ಇಲ್ಲ. ಕಾಮವೆಂದರೇನೆಂಬುದನ್ನು ಅವನು ಕಲಿಯುವುದು ಅದಕ್ಕೆ ವಿಧಿಸಿದ ಶಿಕ್ಷೆಯಿಂದ. ಇಂದು ವೇದಪಾಠಶಾಲೆಯ ಜಾಗದಲ್ಲಿ ಕಾನ್ವೆಂಟು ಬಂದಿರಬಹುದು. ಅವಮಾನಕ್ಕೆ ಗುರಿಯಾದ ಗೆಳತಿಯನ್ನು, ಮನೆಬಿಟ್ಟು ಓಡಿದ ಅಣ್ಣನನ್ನು, ಪೊಲೀಸು ಠಾಣೆಯ ಸುದ್ದಿಯನ್ನು ನೋಡಿ ಮಕ್ಕಳು ಕಲಿಯುವ ರೀತಿ ಅದೇ ಆಗಿದೆ.

8

ಈಗಿನ ಮಕ್ಕಳಿಗೆ ದೂರವಾಣಿಯಿದೆ, ಅವರು ಎಲ್ಲವನ್ನೂ ಬಲ್ಲರು ಎನ್ನುವವರುಂಟು. ಆ ಪರದೆಯ ಮೇಲೆ ಒಳ್ಳೆಯ ವೈದ್ಯರ ಮಾತೂ ಇದೆ, ಗೋಡೆಯ ವೈದ್ಯನ ಹೊಸ ಅವತಾರವೂ ಇದೆ. ಹುಡುಗನಿಗೆ ಮೊದಲು ಎದುರಾಗುವುದು ಬಹುಶಃ ಎರಡೂ ಅಲ್ಲ, ಹಣಕ್ಕಾಗಿ ತೆಗೆದ ನಗ್ನ ಚಿತ್ರ. ಅದು ತೋರಿಸುತ್ತದೆ, ಹೇಳುವುದಿಲ್ಲ. ಅಲ್ಲಿ ಅಳುಕಿಲ್ಲ, ಒಪ್ಪಿಗೆಯ ಮಾತಿಲ್ಲ, ಬೇಡವೆನ್ನುವ ಹೆಣ್ಣಿಲ್ಲ. ನೋಡಿದ ಮಗುವಿಗೆ ಪ್ರಶ್ನೆಗಳು ಹೆಚ್ಚುತ್ತವೆಯೇ ಹೊರತು ಕೇಳುವ ದಾರಿ ತೆರೆಯುವುದಿಲ್ಲ.

ಕೇಳುವ ಶಬ್ದವಿಲ್ಲದ ಮಗುವಿಗೆ ದೂರುವ ಶಬ್ದವೂ ಇರುವುದಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಈಡಾದೆವೆಂದು ಹೇಳಿದವರು ನೂರಕ್ಕೆ 53.22 ಮಂದಿ, ಅವರಲ್ಲಿ ಹೆಚ್ಚಿನವರು ಅದನ್ನು ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ. 2012ರಲ್ಲಿ ಮಕ್ಕಳ ರಕ್ಷಣೆಗಾಗಿ ಕಠಿಣವಾದ ಕಾನೂನು ಬಂದಿದೆ. ಆ ಕಾನೂನಿನ ಬಾಗಿಲು ತಟ್ಟಬೇಕಾದರೂ ಮಗು ಮೊದಲು ತನ್ನ ಮೈಯ ಒಂದು ಭಾಗದ ಹೆಸರನ್ನು ತಲೆಯೆತ್ತಿ ಹೇಳಬಲ್ಲುದಾಗಿರಬೇಕು.

ಹೊರನಾಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ನಮ್ಮ ಮನೆಗಳಲ್ಲಿ ಅಜ್ಜಿ ‘ಹೊರಗಾಗಿದ್ದಾಳೆ’ ಎನ್ನುತ್ತಾಳೆ, ತಾಯಿ ‘ಡೇಟ್’ ಎನ್ನುತ್ತಾಳೆ, ಮಗಳು ‘ಪೀರಿಯಡ್ಸ್’ ಎನ್ನುತ್ತಾಳೆ. ಮೂರು ತಲೆಮಾರಿನವರಿಗೆ ಸಮಾನವಾದ ಒಂದು ಮಾತಿಲ್ಲ. ಮಗ ತನ್ನ ಸಂಶಯವನ್ನು ಕೇಳುವುದಾದರೆ ಇಂಗ್ಲಿಷಿನಲ್ಲಿ ಅಪರಿಚಿತನನ್ನು ಕೇಳುತ್ತಾನೆ. ಮನೆಯಲ್ಲಿ ಕನ್ನಡದಲ್ಲಿ ಸುಮ್ಮನಿರುತ್ತಾನೆ. ಹಬ್ಬಕ್ಕೆ, ಊಟಕ್ಕೆ, ಯಕ್ಷಗಾನಕ್ಕೆ ಒದಗುವ ಭಾಷೆ ಮಗು ಕಂಗೆಟ್ಟ ಹೊತ್ತಿನಲ್ಲಿ ಒದಗದಿದ್ದರೆ, ಅದನ್ನು ತಾಯ್ನುಡಿಯೆಂದು ಕರೆಯುವ ಹಕ್ಕು ನಮಗೆ ಎಷ್ಟರಮಟ್ಟಿಗೆ ಉಳಿಯುತ್ತದೆಂದು ಯೋಚಿಸಬೇಕಾಗಿದೆ.

ಇದಕ್ಕೆ ಶಾಲೆಗಳ ನಿರ್ಣಯವನ್ನು ಕಾಯಬೇಕಾಗಿಲ್ಲ. ನಮ್ಮ ಸಂಘಗಳಲ್ಲಿ ಕರಾವಳಿಯವರಿದ್ದಾರೆ, ಧಾರವಾಡದ ಕಡೆಯವರಿದ್ದಾರೆ, ಕಲಬುರಗಿಯವರಿದ್ದಾರೆ, ಮೈಸೂರಿನವರಿದ್ದಾರೆ. ಮೈಯ ಬೆಳವಣಿಗೆಯನ್ನು ಕುರಿತು ಆಯಾ ಪ್ರದೇಶದ ಹೆಂಗಸರೂ ಗಂಡಸರೂ ಆಡುವ ಮಾತುಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಮೈಲಿಗೆ ಹೊರುವವು ಯಾವುವು, ‘ಮೈನೆರೆ’ಯಂತೆ ನಿರ್ಮಲವಾದವು ಯಾವುವು ಎಂದು ವಿಂಗಡಿಸುವುದು ವಿದ್ವಾಂಸರಿಗೆ ತಕ್ಕ ಕೆಲಸ. ಶಿವರಾಮ ಕಾರಂತರು 1970ರ ತಮ್ಮ ಕಾದಂಬರಿಗೆ ‘ಮೈಮನಗಳ ಸುಳಿಯಲ್ಲಿ’ ಎಂದು ಹೆಸರಿಟ್ಟಾಗ ಮೈಯನ್ನೂ ಮನಸ್ಸನ್ನೂ ಒಂದೇ ಸಮಾಸದಲ್ಲಿ ನಾಚಿಕೆಯಿಲ್ಲದೆ ಕೂಡಿಸಿದರು. ಆ ಬಗೆಯ ಕನ್ನಡ ನಮ್ಮಲ್ಲಿದೆ. ಹುಡುಕಿ ತೆಗೆದು, ವೈದ್ಯರಿಂದ ಪರಿಶೀಲನೆ ಮಾಡಿಸಿ, ಹನ್ನೆರಡು ವರ್ಷದ ಮಗುವೊಂದು ಒಬ್ಬನೇ ಕುಳಿತು ಓದಬಹುದಾದ ನಲವತ್ತು ಪುಟದ ಪುಸ್ತಕವೊಂದನ್ನು ಹುಡುಗಿಯರಿಗೂ ಹುಡುಗರಿಗೂ ಸಮನಾಗಿ ಬರೆಯಿಸುವುದು ಅಸಾಧ್ಯವೇನಲ್ಲ. ಆ ಪುಸ್ತಕದ ಪ್ರತಿ ಎರಡನೆಯ ಪುಟವನ್ನು ಮಗುವಿನ ಪ್ರಶ್ನೆಗಾಗಿ ಬರಿದಾಗಿ ಬಿಟ್ಟಿದ್ದರೆ ಇನ್ನೂ ಒಳ್ಳೆಯದು.